ರೂಪಾಯಿ ಪಿಂಚಣಿಯಲ್ಲಿ ವಿದೇಶದ ನಿವೃತ್ತಿ ಜೀವನ ಆಗುತ್ತದಾ?

ಪ್ರಶ್ನೆ: ನನಗೆ 61, ಹೆಂಡತಿಗೆ 58. ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದೆ, ಹೋದ ವರ್ಷ ರಿಟೈರ್ ಆದೆ. ತಿಂಗಳಿಗೆ 62 ಸಾವಿರ ಪಿಂಚಣಿ. ಎಫ್‌ಡಿ, ಮ್ಯೂಚುವಲ್ ಫಂಡ್ ಎಲ್ಲ ಸೇರಿ 85 ಲಕ್ಷದಷ್ಟಿದೆ. ಕುಂಜಿಬೆಟ್ಟಿನಲ್ಲಿ ಸ್ವಂತ ಮನೆ, ಮಗಳು ಆಸ್ಟ್ರೇಲಿಯಾದಲ್ಲಿ. ತಿಂಗಳಿಗೆ ಸಾವಿರ ಡಾಲರ್ ಇದ್ದರೆ ಥಾಯ್ಲೆಂಡಿನಲ್ಲಿ ಆರಾಮಾಗಿ ಬದುಕಬಹುದು ಅಂತ ವಿಡಿಯೊಗಳಲ್ಲಿ ನೋಡಿದೆ. ಚಿಯಾಂಗ್ ಮಾಯ್ ಊರು ಬಹಳ ಹಿಡಿಸಿದೆ. ಮನೆ ಮಾರಿ ಹೋಗೋಣವೇ ಅನ್ನುವ ಯೋಚನೆ. ಹೆಂಡತಿಗೆ ಉಬ್ಬಸ ಇದೆ. ನಾವು ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿಯೂ ಬಳಸುವುದಿಲ್ಲ. ಯಾವ ದೇಶ ನಮಗೆ ಸರಿ?
— ಉಡುಪಿಯ ಓದುಗರು

ಉತ್ತರ: ಮೊದಲನೇ ಮಾತು, ಮನೆ ಮಾರಬೇಡಿ. ಉಳಿದದ್ದನ್ನು ಆಮೇಲೆ ನೋಡೋಣ.

ನೀವು ನೋಡಿದ ವಿಡಿಯೊ ಸುಳ್ಳೇನಲ್ಲ. ಆದರೆ ಅದನ್ನು ಮಾಡಿದ್ದು ಡಾಲರ್‌ನಲ್ಲೋ ಯೂರೋದಲ್ಲೋ ಪಿಂಚಣಿ ಬರುವವರಿಗೆ. ಅಮೆರಿಕದವನಿಗೆ ಥಾಯ್ಲೆಂಡ್ ಅಗ್ಗ, ಯಾಕೆಂದರೆ ಅವನ ಊರಿನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆಗೇ ಆ ಸಾವಿರ ಡಾಲರ್‌ಗಿಂತ ಜಾಸ್ತಿ ಹೋಗುತ್ತದೆ. ನಿಮ್ಮ ಲೆಕ್ಕ ಉಲ್ಟಾ. ಸಾವಿರ ಡಾಲರ್ ಅಂದರೆ ಈಗ 90 ಸಾವಿರದ ಹತ್ತಿರ. ನಿಮ್ಮ ಪಿಂಚಣಿ ಅಲ್ಲಿಗೇ ಮುಟ್ಟುವುದಿಲ್ಲ, ಅಲ್ವಾ? ಉಡುಪಿಯಲ್ಲಿ ಸ್ವಂತ ಮನೆಯಲ್ಲಿದ್ದುಕೊಂಡು ಇಬ್ಬರು ತಿಂಗಳಿಗೆ ಎಷ್ಟು ಖರ್ಚು ಮಾಡುತ್ತೀರಿ ಅಂತ ಒಮ್ಮೆ ಬರೆದು ನೋಡಿ. ಇಡೀ ಪಿಂಚಣಿ ಖಾಲಿಯಾಗುವುದು ಅನುಮಾನ.

ಇವತ್ತಿನ ದರಕ್ಕಿಂತ ನನಗೆ ಹೆಚ್ಚು ಚಿಂತೆ ಮುಂದಿನ ಇಪ್ಪತ್ತು ವರ್ಷದ್ದು. 2005ರ ಹೊತ್ತಿಗೆ ಒಂದು ಥಾಯ್ ಬಾತ್‌ಗೆ ಒಂದು ರೂಪಾಯಿ ಚಿಲ್ಲರೆ ಇತ್ತು. ಈಗ ಎರಡೂವರೆ ದಾಟಿದೆ. ಅಂದರೆ ಅಲ್ಲಿ ಒಂದು ಪೈಸೆ ಬೆಲೆ ಏರದಿದ್ದರೂ ನಮ್ಮವರಿಗೆ ಖರ್ಚು ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ನಿಮ್ಮ ಡಿಎ (ತುಟ್ಟಿಭತ್ಯೆ) ಏರುವುದು ಇಲ್ಲಿನ ಬೆಲೆಯೇರಿಕೆ ನೋಡಿ, ಬಾತ್ ನೋಡಿ ಅಲ್ಲ. ಬ್ಯಾಂಕಿನವರಿಗೆ ಮೂಲ ಪಿಂಚಣಿ ಪರಿಷ್ಕರಣೆಯೂ ಇಲ್ಲ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 61ಕ್ಕೆ ಹೊರಟವರಿಗೆ 81ರಲ್ಲೂ ಅಲ್ಲಿ ಬದುಕುವ ದುಡ್ಡಿರಬೇಕು.

ಇನ್ನು ವೀಸಾ. ಥಾಯ್ಲೆಂಡಿನಲ್ಲಿ 50 ದಾಟಿದವರಿಗೆ ನಿವೃತ್ತಿ ವೀಸಾ ಇದೆ, ಒಂದೊಂದು ವರ್ಷಕ್ಕೆ ನವೀಕರಿಸಬೇಕು. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಇಡಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು. 65 ಸಾವಿರ ಬಾತ್ ಅಂದರೆ ಒಂದೂಮುಕ್ಕಾಲು ಲಕ್ಷ ರೂಪಾಯಿಯಷ್ಟು. ಅದು ನಿಮ್ಮಿಂದ ಆಗದು. ಉಳಿದದ್ದು ಠೇವಣಿಯ ದಾರಿ, ರೂಪಾಯಿಯಲ್ಲಿ 20 ಲಕ್ಷದ ಮೇಲೆ. ಆ ದುಡ್ಡನ್ನು ಬೇಕಾದಾಗ ತೆಗೆಯುವ ಹಾಗೂ ಇಲ್ಲ. ನವೀಕರಣಕ್ಕೆ ಎರಡು ತಿಂಗಳು ಮುಂಚಿನಿಂದ ಮತ್ತು ಆದ ಮೇಲೆ ಮೂರು ತಿಂಗಳು ಪೂರ್ತಿ ಮೊತ್ತ ಇರಬೇಕು, ಉಳಿದ ಸಮಯದಲ್ಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಕೆಲಸ ಮಾಡುವಂತಿಲ್ಲ. ವಿದೇಶಿಯರು ಜಾಗ ಕೊಳ್ಳುವಂತಿಲ್ಲ, ಫ್ಲ್ಯಾಟ್ ಕೊಳ್ಳಬಹುದು, ಅದೂ ಒಂದು ಕಟ್ಟಡದ ಶೇ 49ರ ಮಿತಿಯೊಳಗೆ. 2024ರಿಂದ ತೆರಿಗೆಯ ನಿಯಮವೂ ಬಿಗಿಯಾಗಿದೆ. ವರ್ಷದಲ್ಲಿ 180 ದಿನ ಅಲ್ಲಿದ್ದವರು ಹೊರದೇಶದಿಂದ ತರಿಸಿಕೊಂಡ ಆದಾಯಕ್ಕೂ ಲೆಕ್ಕ ಕೊಡಬೇಕು.

ಚಿಯಾಂಗ್ ಮಾಯ್ ಚಂದದ ಊರು, ಒಪ್ಪಿದೆ. ಆದರೆ ನಿಮ್ಮ ಮನೆಯವರಿಗೆ ಉಬ್ಬಸ ಇದೆ ಅಂದಿರಿ. ಅಲ್ಲಿ ಫೆಬ್ರುವರಿಯಿಂದ ಏಪ್ರಿಲ್ ತನಕ ಸುತ್ತಲಿನ ಗದ್ದೆ, ಕಾಡುಗಳಿಗೆ ಬೆಂಕಿ ಹಾಕುತ್ತಾರೆ. ಊರು ಬೆಟ್ಟಗಳ ನಡುವಿನ ತಗ್ಗಿನಲ್ಲಿರುವುದರಿಂದ ಹೊಗೆ ಅಲ್ಲೇ ಕೂತುಬಿಡುತ್ತದೆ. ಆ ದಿನಗಳಲ್ಲಿ ಜಗತ್ತಿನ ಅತಿ ಕೆಟ್ಟ ಗಾಳಿಯ ಊರುಗಳ ಪಟ್ಟಿಯಲ್ಲಿ ಚಿಯಾಂಗ್ ಮಾಯ್ ಹೆಸರು ಮೇಲುಮೇಲಕ್ಕೆ ಬರುತ್ತದೆ. ಉಬ್ಬಸ ಇರುವವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಅಂತ ನಾನಂತೂ ಹೇಳಲಾರೆ. ಹೋಗಲೇಬೇಕು ಅಂದರೆ ಹುವಾ ಹಿನ್ ಕಡೆಗೆ ಹೋಗಿ. ಕಡಲ ತೀರದ ಊರು, ಗಾಳಿ ಆಡುತ್ತದೆ.

ಊಟದ ವಿಷಯ. ಅಲ್ಲಿ ಬರೀ ತರಕಾರಿ ಪಲ್ಯ ಕೇಳಿದರೂ ಮೀನಿನ ಸಾಸ್ ಬಿದ್ದಿರುತ್ತದೆ. ಅಡುಗೆಯವರಿಗೆ ಅದು ಉಪ್ಪಿದ್ದ ಹಾಗೆ, ಕೈ ತಾನಾಗಿ ಆ ಬಾಟಲಿಗೆ ಹೋಗುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ಅಂಗಡಿ ಹುಡುಕಿ. ಅದನ್ನು 'ಜೇ' ಊಟ ಅನ್ನುತ್ತಾರೆ. ಮೀನು, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿಮ್ಮ ಮನೆಯ ಪದ್ಧತಿಗೆ ಇದಕ್ಕಿಂತ ಹತ್ತಿರದ್ದು ಅಲ್ಲಿ ಸಿಗಲಿಕ್ಕಿಲ್ಲ. ಆದರೂ ದಿನಾ ಅದನ್ನೇ ತಿನ್ನಲು ಆಗುತ್ತದಾ? ಅಡುಗೆಮನೆ ಇರುವ ಬಾಡಿಗೆ ಮನೆಯೇ ಬೇಕು.

ಬೇರೆ ದೇಶಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಲೇಷ್ಯಾದ ಪೆನಾಂಗ್ ನಮ್ಮವರಿಗೆ ಬಹಳ ಒಗ್ಗುವ ಊರು. ತಮಿಳರು ತಲೆಮಾರುಗಳಿಂದ ಇದ್ದಾರೆ, ದೇವಸ್ಥಾನ ಇದೆ, ದೋಸೆ ಇಡ್ಲಿ ಸಿಗುತ್ತದೆ, ಆಸ್ಪತ್ರೆಗಳು ಚೆನ್ನಾಗಿವೆ, ಇಂಗ್ಲಿಷ್ ನಡೆಯುತ್ತದೆ. ಸೆಕೆ ಮಾತ್ರ ನಮ್ಮದೇ ಸೆಕೆ. ಆದರೆ ಅವರ 'ಮಲೇಷ್ಯಾ ಮೈ ಸೆಕೆಂಡ್ ಹೋಮ್' ಯೋಜನೆಯನ್ನು 2024ರಲ್ಲಿ ಬದಲಿಸಿದರು. ಕೆಳಗಿನ ದರ್ಜೆಯಾದ ಸಿಲ್ವರ್‌ಗೇ ಒಂದೂವರೆ ಲಕ್ಷ ಡಾಲರ್ ಠೇವಣಿ, ಅದರ ಮೇಲೆ ಕಡಿಮೆ ಅಂದರೂ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಬೇಕು. ನಿಮ್ಮ 85 ಲಕ್ಷ ಠೇವಣಿಗೇ ಸಾಲದು. ಶ್ರೀಲಂಕಾ ಹತ್ತಿರ ಇದೆ, ಆದರೆ 55 ದಾಟಿದವರ ವೀಸಾಕ್ಕೆ 15 ಸಾವಿರ ಡಾಲರ್ ಠೇವಣಿ ಇಟ್ಟು ತಿಂಗಳು ತಿಂಗಳು 1,500 ಡಾಲರ್ ತರಿಸಿಕೊಳ್ಳಬೇಕು. ಪೋರ್ಚುಗಲ್ ಬಗ್ಗೆ ಗೋವಾ ಕಡೆಯ ನೆಂಟರು ಆಸೆ ಹುಟ್ಟಿಸಬಹುದು. ಪಿಂಚಣಿ, ಬಾಡಿಗೆಯಂಥ ಆದಾಯದಲ್ಲಿ ಬದುಕುವವರಿಗೆ ಅಲ್ಲಿ ಕೊಡುವ ಡಿ7 ವೀಸಾಕ್ಕೆ ಆ ದೇಶದ ಕನಿಷ್ಠ ಸಂಬಳದಷ್ಟು ಆದಾಯ ಬೇಕು, 2025ರಲ್ಲಿ ಅದು 870 ಯೂರೋ. ಜೊತೆಗೆ ಹೆಂಡತಿ ಅಂದರೆ ಅದರ ಅರ್ಧ ಮತ್ತೂ ಸೇರುತ್ತದೆ.

ರೂಪಾಯಿ ಪಿಂಚಣಿಯವರಿಗೆ ನಿಜವಾಗಿ ಬಾಗಿಲು ತೆರೆದಿರುವ ಒಂದೇ ದೇಶ ನೇಪಾಳ. ಇದನ್ನು ಯಾವ ವಿಡಿಯೊದವರೂ ಹೇಳುವುದಿಲ್ಲ, ಯಾಕೆಂದರೆ ಅವರ ನೋಡುಗರಿಗೆ ಇದು ಬೇಡ. 1950ರ ಒಪ್ಪಂದದಿಂದಾಗಿ ನಮಗೆ ವೀಸಾ ಬೇಡ, ಎಷ್ಟು ದಿನ ಬೇಕಾದರೂ ಇರಬಹುದು. ಠೇವಣಿ ಇಲ್ಲ, ಆದಾಯ ತೋರಿಸುವುದಿಲ್ಲ. 1993ರಿಂದ ಅವರ ಹಣ ನಮ್ಮ ರೂಪಾಯಿಗೆ 1.60ರಂತೆ ಕಟ್ಟಿಹಾಕಿದ ಹಾಗಿದೆ, ಹಾಗಾಗಿ ನಾನು ಮೇಲೆ ಹೇಳಿದ ದರದ ಹೆದರಿಕೆಯೇ ಇಲ್ಲ. ಪೋಖರಾ ಊರನ್ನೇ ತೆಗೆದುಕೊಳ್ಳಿ. ಸರೋವರ, ಎದುರಿಗೆ ಅನ್ನಪೂರ್ಣ ಪರ್ವತಗಳು, ಅನ್ನ ಬೇಳೆ ತರಕಾರಿಯ ಊಟ. ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ನಮ್ಮ ಮಣಿಪಾಲದವರದ್ದೇ, 1990ರ ದಶಕದಲ್ಲಿ ಮೆಡಿಕಲ್ ಕಾಲೇಜಿನ ಜೊತೆ ಶುರುವಾದದ್ದು. ತೊಂದರೆ ಇಲ್ಲವೇ ಅಂದರೆ ಇದೆ. ಜಾಗ ಕೊಳ್ಳಲು ಆಗುವುದಿಲ್ಲ, ಬಾಡಿಗೆಯೇ ಗತಿ. ಚಳಿಗಾಲ ಉಬ್ಬಸಕ್ಕೆ ಕಷ್ಟ ಆಗಬಹುದು. 2015ರ ಭೂಕಂಪ, 2025ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಬಿದ್ದ ಗಲಾಟೆ, ಇವನ್ನೂ ಮರೆಯುವ ಹಾಗಿಲ್ಲ. ಉಡುಪಿಯಿಂದ ಹೋಗಿ ಬರುವ ದಾರಿಯೂ ಉದ್ದ.

ಆಸ್ಪತ್ರೆಯ ಮಾತಿಗೆ ಬಂದರೆ, ನನ್ನ ಹತ್ತಿರ ಸಲಹೆಗೆ ಬರುವವರೆಲ್ಲ ಬಾಡಿಗೆ ಕೇಳುತ್ತಾರೆ, ಹಾಲಿನ ಬೆಲೆ ಕೇಳುತ್ತಾರೆ, ಇನ್ಶೂರೆನ್ಸ್ ಕೇಳುವವರು ಕಡಿಮೆ. ಮಾರಾಯ್ರೇ, ಅರವತ್ತರ ಮೇಲೆ ಖರ್ಚು ತೀರ್ಮಾನ ಮಾಡುವುದೇ ಅದು. ನಮ್ಮ ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಅಲ್ಲಿ ಹೊಸ ಪಾಲಿಸಿ ಮಾಡಿದರೆ ಉಬ್ಬಸವನ್ನು ಹಳೆಯ ಕಾಯಿಲೆ ಅಂತ ಹೊರಗಿಡಬಹುದು, ಇಲ್ಲವೇ ಪ್ರೀಮಿಯಂ ಏರಿಸಬಹುದು. ಉಡುಪಿಯಲ್ಲಿ ನಿಮಗೆ ಮಣಿಪಾಲ ಪಕ್ಕದಲ್ಲೇ ಇದೆ, ಮಂಗಳೂರಿಗೆ ಒಂದೂವರೆ ಗಂಟೆಯೊಳಗೆ ಹೋಗಬಹುದು. ಈ ಅನುಕೂಲವನ್ನು ದುಡ್ಡಿನ ಲೆಕ್ಕದಲ್ಲಿ ಸೇರಿಸಿ ನೋಡಿ. ಎಲ್ಲಿಗೆ ಹೋದರೂ ಇಲ್ಲಿನ ಪಾಲಿಸಿಯ ಪ್ರೀಮಿಯಂ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ಒಮ್ಮೆ ಬಿಟ್ಟುಹೋಗಿ ವಾಪಸ್ ಬಂದು ಹೊಸದು ಮಾಡಿದರೆ ಹಳೆಯ ಕಾಯಿಲೆಗಳಿಗೆ ಮತ್ತೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ಶಾಶ್ವತವಾಗಿ ಹೊರಟರೆ ಬ್ಯಾಂಕಿನ ಕೆಲಸವೂ ಬದಲಾಗುತ್ತದೆ. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಇಲ್ಲಿನ ಆದಾಯ ಇಡಲು ಅನಿವಾಸಿಗಳಿಗೆ ಇರುವ ಖಾತೆ, ಮಾಡಿಸಬೇಕು. ಎನ್‌ಆರ್‌ಒ ಬಡ್ಡಿಗೆ ಶೇ 30ರ ಮೇಲೆ ಟಿಡಿಎಸ್, ತೆರಿಗೆ ಹಿಡಿಯಬೇಡಿ ಅಂತ ಹಿರಿಯರು ಕೊಡುವ 15ಎಚ್ ಫಾರ್ಮ್ ಕೊಟ್ಟು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯುವಂತಿಲ್ಲ. ಈ ನಷ್ಟವನ್ನು ಯಾರೂ ಮೊದಲೇ ಲೆಕ್ಕ ಹಾಕುವುದಿಲ್ಲ.

ಠೇವಣಿಗೆ ದುಡ್ಡು ಕಳಿಸುವಾಗಲೂ ಜಾಣತನ ಬೇಕು. ಒಬ್ಬರು ಹಣಕಾಸು ವರ್ಷಕ್ಕೆ (ಏಪ್ರಿಲ್‌ನಿಂದ ಮಾರ್ಚ್) ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು, ಆದರೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ (ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. 22 ಲಕ್ಷ ಒಟ್ಟಿಗೆ ಕಳಿಸಿದರೆ 2 ಲಕ್ಷದ 40 ಸಾವಿರ ಹಿಡಿದುಕೊಳ್ಳುತ್ತಾರೆ. ಮಾರ್ಚಿನಲ್ಲಿ 11, ಏಪ್ರಿಲಿನಲ್ಲಿ 11 ಕಳಿಸಿದರೆ ಬರೀ 40 ಸಾವಿರ. ರಿಟರ್ನ್ ಹಾಕಿದಾಗ ಹೊಂದಾಣಿಕೆ ಆಗುತ್ತದೆ ನಿಜ, ಆದರೆ ಅಷ್ಟು ತಿಂಗಳು ದುಡ್ಡು ಸುಮ್ನೆ ಅಲ್ಲಿ ಸಿಕ್ಕಿಕೊಳ್ಳುವುದು ಯಾಕೆ? ಇನ್ನೊಂದು ವಿಷಯ, ಥಾಯ್ ಬ್ಯಾಂಕಿನ ಠೇವಣಿ ನಿಮ್ಮೊಬ್ಬರ ಹೆಸರಿನಲ್ಲಿದ್ದು ನಿಮಗೆ ಏನಾದರೂ ಆದರೆ ನಿಮ್ಮ ಹೆಂಡತಿ ಅಲ್ಲಿನ ಕೋರ್ಟಿನ ಮೂಲಕ ಪಡೆಯಬೇಕಾದೀತು. ಅಲ್ಲಿಗೇ ಬೇರೆ ವಿಲ್ ಬರೆದಿಡಿ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಊರು ಬಿಡಬೇಡಿ, ವರ್ಷಕ್ಕೆ ಒಂದೆರಡು ತಿಂಗಳು ಹೊರಗೆ ಇದ್ದು ಬನ್ನಿ. ಮಲೇಷ್ಯಾ 2023ರ ಡಿಸೆಂಬರಿನಿಂದ ನಮ್ಮವರನ್ನು 30 ದಿನ ವೀಸಾ ಇಲ್ಲದೆ ಬಿಡುತ್ತಿದೆ. ಥಾಯ್ಲೆಂಡ್ 2024ರ ಜುಲೈಯಲ್ಲಿ 60 ದಿನ ಮಾಡಿತ್ತು. ಇವು ಆಗಾಗ ಬದಲಾಗುತ್ತವೆ, ಟಿಕೆಟ್ ಮಾಡುವ ಮುಂಚೆ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳಿ. ಹೋದಾಗ ಪ್ರವಾಸಿಗರ ಹಾಗೆ ಇರಬೇಡಿ. ತಿಂಗಳ ಬಾಡಿಗೆಗೆ ಮನೆ ಹಿಡಿಯಿರಿ, ಸಂತೆಗೆ ಹೋಗಿ ಸೊಪ್ಪು ತನ್ನಿ, ಕರೆಂಟ್ ಬಿಲ್ ನೀವೇ ಕಟ್ಟಿ. ಹೆಂಡತಿಯ ಇನ್‌ಹೇಲರಿನ ಮದ್ದಿನ ಹೆಸರನ್ನು, ಕಂಪನಿಯ ಹೆಸರಲ್ಲ, ಚೀಟಿಯಲ್ಲಿ ಬರೆದುಕೊಂಡು ಮೆಡಿಕಲ್ ಶಾಪಿನಲ್ಲಿ ಬೆಲೆ ಕೇಳಿ. ಒಮ್ಮೆ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ ಬಿಲ್ ಇಟ್ಟುಕೊಳ್ಳಿ. ಇಷ್ಟಾದ ಮೇಲೆ ನಿಮ್ಮ ಹತ್ತಿರ ಇರುವ ಲೆಕ್ಕ ಯಾವ ವಿಡಿಯೊಕ್ಕಿಂತಲೂ ನಿಜವಾದದ್ದು. ಮತ್ತೆ, ಹೆಂಡತಿಯವರನ್ನು ಕೇಳಿದಿರಾ? ನಿಮ್ಮ ಪತ್ರದಲ್ಲಿ ಅವರಿಗೆ ಹೋಗಲು ಇಷ್ಟ ಇದೆಯೋ ಇಲ್ಲವೋ ಅನ್ನುವುದು ಎಲ್ಲೂ ಇಲ್ಲ.

ಪ್ರಶ್ನೆ: 22 ವರ್ಷದಿಂದ ದುಬೈಯಲ್ಲಿದ್ದೇನೆ, ವಯಸ್ಸು 56. ಮಂಗಳೂರು ಕದ್ರಿಯಲ್ಲಿ ಫ್ಲ್ಯಾಟ್ ಇದೆ. ಇಲ್ಲೇ ನಿವೃತ್ತಿ ವೀಸಾ ತೆಗೆದುಕೊಂಡು ಉಳಿಯಲೇ, ಊರಿಗೆ ಬರಲೇ?

ಉತ್ತರ: ನಿಮ್ಮ ಸ್ಥಿತಿ ಮೇಲಿನವರಿಗಿಂತ ಗಟ್ಟಿ, ಯಾಕೆಂದರೆ ಉಳಿತಾಯ ದಿರ್ಹಮ್‌ನಲ್ಲಿದೆ, ದಿರ್ಹಮ್ ಡಾಲರಿಗೆ ಕಟ್ಟಿಕೊಂಡಿದೆ. ದುಬೈಯ ಐದು ವರ್ಷದ ನಿವೃತ್ತಿ ವೀಸಾ 55 ದಾಟಿದವರಿಗೆ. 10 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಅಥವಾ ಅಷ್ಟೇ ಉಳಿತಾಯ ತೋರಿಸಬಹುದು. ಆದರೆ ಸಂಬಳ ನಿಂತ ಮೇಲೆ ದುಬೈ ಬಾಡಿಗೆಯನ್ನು ಉಳಿತಾಯದಿಂದ ಕಟ್ಟುವುದು ದೊಡ್ಡ ಹೊರೆ, ಕಂಪನಿ ಕೊಡುತ್ತಿದ್ದ ಇನ್ಶೂರೆನ್ಸ್ ಕೂಡ ಇರುವುದಿಲ್ಲ. ಅಲ್ಲಿ ಮನೆ ಸ್ವಂತದ್ದಲ್ಲ ಅಂದರೆ ಊರಿಗೆ ಬನ್ನಿ ಅನ್ನುತ್ತೇನೆ.

ಬರುವಾಗ ಆ ಉಳಿತಾಯವನ್ನೆಲ್ಲ ಅವಸರದಲ್ಲಿ ರೂಪಾಯಿ ಮಾಡಬೇಡಿ. ಬಂದ ಮೇಲೆ ಆರ್‌ಎಫ್‌ಸಿ (ಊರಿಗೆ ಮರಳಿದವರ ವಿದೇಶಿ ಕರೆನ್ಸಿ) ಖಾತೆಯಲ್ಲಿ ವಿದೇಶಿ ಹಣವಾಗಿಯೇ ಇಟ್ಟುಕೊಳ್ಳಬಹುದು. ಇಷ್ಟು ವರ್ಷ ಹೊರಗಿದ್ದವರಿಗೆ ಸಾಮಾನ್ಯವಾಗಿ ಮೊದಲ ಎರಡು ವರ್ಷವಾದರೂ 'ಸಾಮಾನ್ಯ ನಿವಾಸಿಯಲ್ಲದ' ಸ್ಥಾನ ಸಿಗುತ್ತದೆ, ಆಗ ಹೊರಗಿನ ಆದಾಯಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಎನ್‌ಆರ್‌ಇ ಖಾತೆಯ (ವಿದೇಶದ ಗಳಿಕೆ ಇಡಲು ಅನಿವಾಸಿಗಳಿಗೆ ಇರುವ ರೂಪಾಯಿ ಖಾತೆ) ಬಡ್ಡಿಗೆ ಮಾತ್ರ ಊರಿಗೆ ಬಂದು ನೆಲೆಸಿದ ದಿನದಿಂದಲೇ ತೆರಿಗೆ. ವಿಮಾನ ಇಳಿದು ಸ್ವಲ್ಪ ದಿನದಲ್ಲೇ ಬ್ಯಾಂಕಿಗೆ ತಿಳಿಸಿ, ಹಳೆಯ ಖಾತೆಯನ್ನು ಹಾಗೇ ನಡೆಸಬೇಡಿ.

ಪ್ರಶ್ನೆ: ಮಗನ ಜೊತೆ ಇರಲು ಅಮ್ಮನನ್ನು ಆರು ತಿಂಗಳು ಕೆನಡಾಕ್ಕೆ ಕಳಿಸುತ್ತಿದ್ದೇವೆ. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆಯೇ?

ಉತ್ತರ: ನಿಲ್ಲಬಹುದು, ಆಮೇಲೆ ಪ್ರಮಾಣಪತ್ರ ಕೊಟ್ಟರೆ ಬಾಕಿ ಸೇರಿಸಿ ಕೊಡುತ್ತಾರೆ. ನಿಲ್ಲದ ಹಾಗೆ ನೋಡಿಕೊಳ್ಳುವುದು ಸುಲಭ. ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿಯ ಸಹಿ ಹಾಕಿಸಿದ ಪ್ರಮಾಣಪತ್ರವನ್ನು ಪಿಂಚಣಿ ಕೊಡುವ ಬ್ಯಾಂಕಿಗೆ ಕಳಿಸಬಹುದು. ಅಮ್ಮ ಕೇಂದ್ರ ಸರ್ಕಾರದ ಪಿಂಚಣಿದಾರರಾಗಿದ್ದು 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ ಕೊಡಬಹುದು. ಹೊರಡುವ ಮುಂಚೆ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಶಾಖೆಯ ಇಮೇಲ್ ಮತ್ತು ಖಾಲಿ ಫಾರ್ಮಿನ ಎರಡು ಪ್ರತಿ ಅವರ ಕೈಚೀಲದಲ್ಲಿ ಇಡಿ.