ಅಪರೂಪದ ಗಿಡ, ಹಟಮಾರಿ ಬೀಜ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬರ್ಡ್ ಆಫ್ ಪ್ಯಾರಡೈಸ್ ಬೀಜ ಬಿತ್ತಿ ಎರಡೂವರೆ ತಿಂಗಳಾಯಿತು. ದಿನಾ ನೀರು ಹಾಕುತ್ತಿದ್ದೇನೆ, ಒಂದೂ ಮೊಳೆತಿಲ್ಲ. ಕುಂಡ ಖಾಲಿ ಮಾಡಿ ಬೇರೇನಾದರೂ ಹಾಕಲೇ?

ಉತ್ತರ: ಬೇಡ. ಮೊದಲು ಒಂದು ಬೀಜ ಕೆದಕಿ ತೆಗೆದು ಬೆರಳಿನಿಂದ ಒತ್ತಿ ನೋಡಿ. ಹಿಸುಕಿಹೋದರೆ ಕೊಳೆತಿದೆ. ಬಿತ್ತಿದ ದಿನದಷ್ಟೇ ಗಟ್ಟಿಯಾಗಿದ್ದರೆ ಜೀವ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ, ನೀರು ಒಳಗೆ ಸರಿಯಾಗಿ ಇಳಿದಿಲ್ಲ ಅಷ್ಟೇ. ಬರ್ಡ್ ಆಫ್ ಪ್ಯಾರಡೈಸ್, ಅಂದರೆ ಸ್ಟ್ರೆಲಿಟ್ಸಿಯಾ, ದಕ್ಷಿಣ ಆಫ್ರಿಕಾದ ಗಿಡ. ಅದರ ಕರಿ ಬೀಜದ ಸಿಪ್ಪೆ ಬಹಳ ಗಡಸು. ನೀವು ದಿನಾ ಹಾಕುವ ನೀರು ಅದರ ಮೇಲೆ ಹರಿದು ಹೋಗುತ್ತದೆ, ಕುಂಡದಲ್ಲಿ ಬೂಷ್ಟು ಮಾತ್ರ ಬೆಳೆಯುತ್ತದೆ.

ಗಟ್ಟಿಯಿರುವ ಬೀಜಗಳನ್ನೆಲ್ಲ ಹೊರತೆಗೆಯಿರಿ. ಕಿತ್ತಳೆ ಬಣ್ಣದ ಜುಟ್ಟು ಉಳಿದಿದ್ದರೆ ಕಿತ್ತುಹಾಕಿ. ಜುಟ್ಟಿದ್ದ ತುದಿಯನ್ನು ಮುಟ್ಟದೆ, ಪಕ್ಕದಲ್ಲಿ ಉಪ್ಪುಕಾಗದದಿಂದಲೋ ಸಣ್ಣ ಅರದಿಂದಲೋ ಉಜ್ಜಿ. ಕಪ್ಪು ಹೋಗಿ ಒಳಗಿನ ಬಿಳುಪು ಇಣುಕಿದರೆ ಸಾಕು, ಅಲ್ಲಿಗೆ ಕೈ ನಿಲ್ಲಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನ ನೆನೆಹಾಕಿ, ನಡುವೆ ನೀರು ಬದಲಿಸಿ. ಆಮೇಲೆ ಒಂದು ಸೆಂಟಿಮೀಟರ್ ಆಳದಲ್ಲಿ ಬಿತ್ತಿ, 25 ಡಿಗ್ರಿಯ ಆಸುಪಾಸಿನ ಬೆಚ್ಚಗಿನ ಜಾಗದಲ್ಲಿಡಿ. ಇಷ್ಟಾದ ಮೇಲೂ ಒಂದರಿಂದ ಮೂರು ತಿಂಗಳು ಹಿಡಿಯಬಹುದು, ಹಳೆಯ ಬೀಜಕ್ಕೆ ಇನ್ನೂ ಹೆಚ್ಚು. ಎಲ್ಲವೂ ಒಟ್ಟಿಗೆ ಏಳುವುದಿಲ್ಲವಾದ್ದರಿಂದ ಒಂದೊಂದಕ್ಕೂ ಬೇರೆ ಲೋಟ ಕೊಡಿ. ಹೂವಿಗೆ ಮತ್ತೆ ನಾಲ್ಕೈದು ವರ್ಷ! ಅವಸರವಿದ್ದವರು ದೊಡ್ಡ ಗಿಡದ ಬುಡದಿಂದ ಬೇರ್ಪಡಿಸಿದ ಸಸಿ ತರುವುದೇ ಮೇಲು.

ಸಿಪ್ಪೆ ಗಡಸಾಗಿರುವುದರಿಂದಲೇ ಕೆಲವು ಬೀಜಗಳಿಗೆ ದೀರ್ಘಾಯುಷ್ಯ. ಚೀನಾದಲ್ಲಿ ಒಣಗಿದ ಕೆರೆಯ ಕೆಸರಿನಡಿ ಸಿಕ್ಕ ಸುಮಾರು 1300 ವರ್ಷ ಹಳೆಯ ತಾವರೆ ಬೀಜವೊಂದು ಸಿಪ್ಪೆ ಉಜ್ಜಿದ ಮೇಲೆ ಮೊಳೆತಿದೆ. ಹೀಗೆ ಉಜ್ಜುವ ಉಪಾಯ ಕಲಿತವರು ಸಿಕ್ಕಿದ್ದನ್ನೆಲ್ಲ ಉಜ್ಜಲು ಹೊರಡುತ್ತಾರೆ, ಅದಕ್ಕೇ ಒಂದು ಎಚ್ಚರಿಕೆ: ಗುಲಗಂಜಿಯನ್ನು ಮುಟ್ಟಬೇಡಿ. ಅದರೊಳಗಿನ ಅಬ್ರಿನ್ ಘೋರ ವಿಷ. ಸಿಪ್ಪೆ ಇಡಿಯಾಗಿರುವವರೆಗೆ ಅದು ಒಳಗೇ ಇರುತ್ತದೆ, ಉಜ್ಜಿದರೆ ಪುಡಿಯಾಗಿ ಕೈಗೆ, ಉಸಿರಿಗೆ ಬರುತ್ತದೆ.

ಪ್ರಶ್ನೆ: ಪರಿಚಯದವರೊಬ್ಬರು ಜೇಡ್ ವೈನ್ ಬೀಜ ಕೊಟ್ಟಿದ್ದರು. ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಎರಡು ತಿಂಗಳು ಇಟ್ಟಿದ್ದೆ. ಈಗ ಬಿತ್ತಬಹುದೇ?

ಉತ್ತರ: ಬಿತ್ತಬಹುದು, ಮೊಳೆಯುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಒಂದನ್ನು ಬ್ಲೇಡಿನಿಂದ ಸೀಳಿ ನೋಡಿ: ಒಳಗೆ ತುಂಬಿಕೊಂಡು ತಿಳಿಬಣ್ಣದಲ್ಲಿದ್ದರೆ ಅದೃಷ್ಟ, ಕಂದಾಗಿ ಸುಕ್ಕುಗಟ್ಟಿದ್ದರೆ ಮುಗಿಯಿತು.

ಒಣಗಿಸಿಟ್ಟರೆ ಬೀಜ ಬಾಳುತ್ತದೆ ಎಂಬುದು ಟೊಮ್ಯಾಟೊ, ಚೆಂಡುಹೂವಿನಂಥವಕ್ಕೆ ಸರಿ. ಅಂಥ ಬೀಜದಲ್ಲಿ ತೇವಾಂಶ ಶೇಕಡ 1ರಷ್ಟು ಇಳಿದರೆ, ಅಥವಾ ಇಡುವ ಜಾಗದ ಉಷ್ಣತೆ 5 ಡಿಗ್ರಿ ತಗ್ಗಿದರೆ, ಆಯಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೀಜ ಸಂಗ್ರಹಿಸುವವರ ಹಳೆಯ ಲೆಕ್ಕ. ಮಾವು, ಹಲಸು, ಕೋಕೋ ಬೀಜಗಳದು ಇದಕ್ಕೆ ಉಲ್ಟಾ ದಾರಿ, ಒಣಗಿದರೆ ಸಾಯುತ್ತವೆ. ಬೀಜಗಳನ್ನು ಹೀಗೆ ಎರಡು ಗುಂಪು ಮಾಡಿ ಹೆಸರಿಟ್ಟದ್ದು 1973ರಲ್ಲಿ, ಬೀಜ ವಿಜ್ಞಾನಿ ಇ.ಎಚ್. ರಾಬರ್ಟ್ಸ್. ಫಿಲಿಪ್ಪೀನ್ಸ್‌ನ ಮಳೆಕಾಡಿನ ಜೇಡ್ ವೈನ್ ಬೀಜವೂ ತಾಜಾ ಇರುವಾಗಲೇ ಮಣ್ಣು ಸೇರಬೇಕು. ಕ್ಲೈವಿಯಾ ಬೀಜದ ಹಣೆಬರಹವೂ ಇದೇ. ಇಂಥವನ್ನು ಒಣ ಕಾಗದದ ಪೊಟ್ಟಣದಲ್ಲಿ ಮಾರುವವರಿಂದ ಕೊಳ್ಳಬೇಡಿ. ತೇವದ ಪಾಚಿಯಲ್ಲಿ ಸುತ್ತಿ, ಕಾಯಿ ಕಿತ್ತ ದಿನ ಯಾವುದೆಂದು ಹೇಳುವವರಿದ್ದರೆ ಮಾತ್ರ ಕೊಳ್ಳಿ.

ಪ್ರಶ್ನೆ: ಹಿಮಾಲಯದ ನೀಲಿ ಗಸಗಸೆ ಹೂವಿನ ಬೀಜವನ್ನು ಪೊಟ್ಟಣ ಸಮೇತ ಆರು ವಾರ ಫ್ರಿಜ್‌ನಲ್ಲಿಟ್ಟು ಬಿತ್ತಿದೆ. ಏನೂ ಬರಲಿಲ್ಲ. ತಂಪು ಸಾಲಲಿಲ್ಲವೇ?

ಉತ್ತರ: ತಂಪು ಸಾಕಿತ್ತು, ಒದ್ದೆ ಇರಲಿಲ್ಲ. ಒಣ ಬೀಜವನ್ನು ಫ್ರಿಜ್‌ನಲ್ಲಿಟ್ಟರೆ ಅದು ಬರೀ ದಾಸ್ತಾನು. ಚಳಿಗಾಲ ಕಳೆಯಿತೆಂದು ಬೀಜಕ್ಕೆ ತಿಳಿಯಬೇಕಾದರೆ ಅದು ನೀರು ಕುಡಿದಿರಬೇಕು, ಆಗಲೇ ಒಳಗೆ ಮೊಳಕೆ ತಡೆಯುವ ರಾಸಾಯನಿಕಗಳು ಇಳಿಯುವುದು. ಒದ್ದೆ ಮಾಡಿ ಹಿಂಡಿದ ಟಿಶ್ಯೂ ಕಾಗದದಲ್ಲೋ ಒದ್ದೆ ವರ್ಮಿಕ್ಯುಲೈಟ್‌ನಲ್ಲೋ ಬೆರೆಸಿ, ಜಿಪ್ ಚೀಲಕ್ಕೆ ಹಾಕಿ, 4 ಡಿಗ್ರಿಯ ಸುಮಾರಿನಲ್ಲಿ ನಾಲ್ಕು ವಾರ ಇಡಿ. ಫ್ರೀಜರ್ ಬೇಡ, ನೀರು ಕುಡಿದ ಬೀಜ ಅಲ್ಲಿ ಒಡೆದುಹೋಗುತ್ತದೆ. ಬಿತ್ತುವಾಗ ಮಣ್ಣು ಮುಚ್ಚಬೇಡಿ, ಮೆಕೊನಾಪ್ಸಿಸ್ (ಈ ನೀಲಿ ಗಸಗಸೆ) ಬೀಜಕ್ಕೆ ಬೆಳಕು ಬೇಕು. ಬೀಜ ಬೇಗ ಮುದಿಯಾಗುವುದರಿಂದ ಆ ವರ್ಷದ್ದೇ ಆಗಿರಲಿ.

ಇದನ್ನೆಲ್ಲ ಮಾಡಿದರೂ, ನಿಮ್ಮಲ್ಲಿ ಬೇಸಿಗೆಯ ರಾತ್ರಿಗಳೂ ಸೆಕೆಯಿಂದ ಕೂಡಿದ್ದರೆ ಸಸಿ ಎದ್ದು ಸಾಯುತ್ತದೆ. ಎತ್ತರದ ಬೆಟ್ಟದ ಗಿಡ ಅದು. ಮೊಳಕೆಗೆ ಬೇಕಾದ ಚಳಿಯನ್ನು ಫ್ರಿಜ್ ಕೊಡುತ್ತದೆ, ಬದುಕಿಗೆ ಬೇಕಾದ ತಂಪನ್ನು ಕೊಡಲಾರದು. ಬೀಜ ಕೊಳ್ಳುವ ಮುನ್ನ ಆ ಗಿಡ ಹುಟ್ಟಿದ ಜಾಗದ ವರ್ಷಪೂರ್ತಿ ಹವಾಮಾನ ನೋಡುವ ಅಭ್ಯಾಸ ಒಳ್ಳೆಯದು. ಬಿತ್ತುವ ಕ್ರಮವೂ ಅಲ್ಲೇ ಸಿಗುತ್ತದೆ. ಪಿಯೋನಿಯನ್ನೇ ನೋಡಿ: ಎರಡು ಮೂರು ತಿಂಗಳ ಬೆಚ್ಚನೆಯಲ್ಲಿ ಬೇರು ಮಾತ್ರ ಇಳಿಸಿ ಸುಮ್ಮನಾಗುತ್ತದೆ. ಮತ್ತಷ್ಟು ತಿಂಗಳು ಚಳಿ ಕಂಡ ಮೇಲೆಯೇ ಚಿಗುರು. ನಡುವೆ ಬೇಸತ್ತು ಕುಂಡ ಮಗುಚಿದವರು ಬೇರು ಬಿಟ್ಟ ಬೀಜವನ್ನೇ ಎಸೆದಿರುತ್ತಾರೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಅಚ್ಚ ನೀಲಿ ಗುಲಾಬಿಯ ಬೀಜ ಮಾರಾಟಕ್ಕಿದೆ. ತರಿಸಲೇ?

ಉತ್ತರ: ಬೇಡ. ಅಂಥ ಗುಲಾಬಿಯೇ ಇಲ್ಲ. ನೀಲಿಗೆ ಬೇಕಾದ ಡೆಲ್ಫಿನಿಡಿನ್ ವರ್ಣಕ ಗುಲಾಬಿ ಕುಲದಲ್ಲಿ ತಯಾರಾಗುವುದಿಲ್ಲ. ಬೇರೆ ಗಿಡದ ವಂಶವಾಹಿ ಸೇರಿಸಿ ಜಪಾನಿನ ಸಂಟೋರಿ ಕಂಪನಿ 2009ರಲ್ಲಿ ಮಾರುಕಟ್ಟೆಗೆ ತಂದ ಹೂವೂ ನೋಡಲು ನಸುನೇರಳೆ. ಚಿತ್ರದಲ್ಲಿ ಕಾಣುವುದು ಬಣ್ಣ ಕುಡಿಸಿದ ಹೂವು, ಇಲ್ಲವೇ ಕಂಪ್ಯೂಟರಿನ ಕೈಚಳಕ. ಕಾಮನಬಿಲ್ಲಿನ ಗುಲಾಬಿಯ ಕತೆಯೂ ಇದೇ.

ಪ್ರಶ್ನೆ: ಅಡೇನಿಯಂ ಬೀಜ ಒಂದೇ ವಾರದಲ್ಲಿ ಎದ್ದವು. ಹತ್ತು ದಿನಕ್ಕೆ ಬುಡ ತೆಳ್ಳಗಾಗಿ ಒಂದೊಂದೇ ಮಗ್ಗುಲಾಗುತ್ತಿವೆ. ಉಳಿದವನ್ನು ಉಳಿಸುವುದು ಹೇಗೆ? ದೊಡ್ಡವಾದರೆ ತಾಯಿಗಿಡದ್ದೇ ಬಣ್ಣ ಬರುತ್ತದೆಯೇ?

ಉತ್ತರ: ಇದು ಸಸಿ ಕೊಳೆ ರೋಗ. ಪಿಥಿಯಂ, ರೈಜಾಕ್ಟೋನಿಯದಂಥ ಸೂಕ್ಷ್ಮಜೀವಿಗಳ ಕೆಲಸ. ಬಿದ್ದ ಸಸಿ ಮತ್ತೆ ಏಳದು. ಅದನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತಿಬಿಡಿ. ಮೇಲೆ ಪ್ಲಾಸ್ಟಿಕ್ ಮುಚ್ಚಿದ್ದರೆ ಈಗಲೇ ತೆಗೆಯಿರಿ. ಮೊಳಕೆ ಕಂಡ ದಿನವೇ ಅದನ್ನು ತೆಗೆಯಬೇಕಿತ್ತು. ಗಾಳಿಯಾಡುವ ಬೆಳಕಿನ ಜಾಗಕ್ಕೆ ಒಯ್ದು, ಮೇಲ್ಮಣ್ಣು ಒಣಗಿದ ಮೇಲೆ ಕುಂಡದ ಅಡಿಯಿಂದ ನೀರು ಕುಡಿಸಿ. ಮುಂದಿನ ಬಾರಿ ಬರೀ ಕೋಕೋಪೀಟ್ ಬೇಡ, ಅರ್ಧಕ್ಕರ್ಧ ಪರ್ಲೈಟ್ ಅಥವಾ ದಪ್ಪ ಮರಳು ಸೇರಿಸಿ.

ಬಣ್ಣದ ಭರವಸೆ ಕೊಡಲಾರೆ. ಬೀಜದ ಅಡೇನಿಯಂ ತಾಯಿಯನ್ನೇ ಹೋಲಬೇಕೆಂದಿಲ್ಲ, ಅದಕ್ಕೇ ಹೆಸರುಳ್ಳ ತಳಿಗಳನ್ನು ಕಸಿ ಕಟ್ಟುತ್ತಾರೆ. ಆದರೆ ಬುಡ ಊದಿದ ಚೆಲುವು ಬೇಕಿದ್ದರೆ ಬೀಜದ ಗಿಡವೇ ಸರಿ.

ಪ್ರಶ್ನೆ: ನಮ್ಮ ಆರ್ಕಿಡ್‌ನಲ್ಲಿ ಕಾಯಿ ಕಟ್ಟಿ ಒಡೆದು ಹಳದಿ ಪುಡಿ ಉದುರುತ್ತಿದೆ. ಇದನ್ನು ಬಿತ್ತಬಹುದೇ?

ಉತ್ತರ: ಆ ಪುಡಿಯ ಕಣಕಣವೂ ಒಂದು ಬೀಜ, ಯಾವುದರಲ್ಲೂ ಬುತ್ತಿ ಇಲ್ಲ. ಕಾಡಿನಲ್ಲಿ ಒಂದು ಜಾತಿಯ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳೆಯುತ್ತದೆ. ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆತ ಅಗಾರ್ ಎಂಬ ಜೆಲ್ಲಿಯ ಮೇಲೆ ಬೆಳೆಸಬಹುದೆಂದು ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟ ಮೇಲೆ ಪ್ರಯೋಗಾಲಯದ ದಾರಿ ತೆರೆಯಿತು. ಅದಕ್ಕೂ ಮುಂಚೆ ಬೆಳೆಗಾರರು ಪುಡಿಯನ್ನು ತಾಯಿಗಿಡದ ಬುಡದಲ್ಲೇ ಉದುರಿಸಿ ಕಾಯುತ್ತಿದ್ದರು, ಅಪರೂಪಕ್ಕೊಮ್ಮೆ ಫಲಿಸುತ್ತಿತ್ತು. ನೀವೂ ಹಾಗೆ ಮಾಡಿ ನೋಡಿ, ಖರ್ಚೇನಿಲ್ಲ. ಮತ್ತೆ ಕಾಯಿ ಕಟ್ಟಿದರೆ, ಒಡೆಯುವ ಮುಂಚೆ ಇನ್ನೂ ಹಸಿರಿರುವಾಗಲೇ ಕಿತ್ತು ಅಂಗಾಂಶ ಕೃಷಿ ಪ್ರಯೋಗಾಲಯಕ್ಕೆ ಕೊಡಿ. ಮುಚ್ಚಿದ ಕಾಯಿಯೊಳಗೆ ಬೂಷ್ಟು ಸೇರಿರುವುದಿಲ್ಲ, ಅವರ ಕೆಲಸ ಅರ್ಧ ಕಡಿಮೆಯಾಗುತ್ತದೆ.