ರಿಯಾದ್‌ನಲ್ಲಿರುವ ಐಸಿಯು ನರ್ಸ್ ಬೆಂಗಳೂರಿಗೆ ಬಂದು ಎಂಬಿಎ ಮಾಡಬಹುದೇ? ವಾರ್ಡಿನ ಅನುಭವ ಲೆಕ್ಕಕ್ಕೆ ಬರುತ್ತದೆಯೇ?

ಖಂಡಿತ ಬರುತ್ತದೆ. ಆದರೆ "ರೋಗಿಗಳ ಸೇವೆ ಮಾಡಿದ್ದೇನೆ" ಎಂದಷ್ಟೇ ಬರೆದರೆ ಸಾಲದು, ಅಂಕಿಗಳಲ್ಲಿ ತೋರಿಸಬೇಕು.

ಎಂಬಿಎಗೆ ಪದವಿ ಬೇಕು. ನಿಮ್ಮ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಸಾಕು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾತ್ರ ಆಗಿರುವವರು ಮೊದಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿಕೊಳ್ಳಬೇಕು. ಎಕ್ಸಿಕ್ಯೂಟಿವ್ (ಕೆಲಸದ ಅನುಭವ ಇರುವವರ) ಕೋರ್ಸುಗಳಲ್ಲಿ ಸಾಮಾನ್ಯವಾಗಿ ಪದವಿಯ ನಂತರದ ಅನುಭವವನ್ನೇ ಎಣಿಸುತ್ತಾರೆ, ಅದನ್ನು ನೋಡಿಕೊಂಡು ಅರ್ಜಿ ಹಾಕಿ.

ಆಸ್ಪತ್ರೆಯಲ್ಲೇ ಆಪರೇಷನ್ಸ್ ಅಥವಾ ಕ್ವಾಲಿಟಿ ವಿಭಾಗದಲ್ಲಿ ಮೇಲೇರಬೇಕೆಂದಿದ್ದರೆ ಎಲೆಕ್ಟ್ರಾನಿಕ್ ಸಿಟಿಯ ಐಐಎಚ್‌ಎಂಆರ್‌ನಂಥ ಕಡೆ ಆಸ್ಪತ್ರೆ ನಿರ್ವಹಣೆ ಓದಿ. ವಿಮೆ, ಹೆಲ್ತ್-ಟೆಕ್, ಕನ್ಸಲ್ಟಿಂಗ್ ಕಡೆ ಹೊರಳುವ ಮನಸ್ಸಿದ್ದರೆ ಸಾಮಾನ್ಯ ಎಂಬಿಎನೇ ಸರಿ ಎಂಬುದು ನನ್ನ ಅಭಿಪ್ರಾಯ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಅನುಭವಸ್ಥರಿಗೆ ಒಂದು ವರ್ಷದ ಪೂರ್ಣಾವಧಿ ಇಪಿಜಿಪಿ ಇದೆ. ಕೆಲಸ ಬಿಡಲಾಗದವರಿಗೆ ವಾರಾಂತ್ಯದ ಪಿಜಿಪಿಇಎಂ ಇದೆ.

ಈಗ ಅಂಕಿಗಳ ವಿಷಯ. 12 ಹಾಸಿಗೆಯ ಐಸಿಯು ಅಂದುಕೊಳ್ಳಿ. ವೆಂಟಿಲೇಟರ್ ಮೇಲೆ 4 ರೋಗಿಗಳು, ಒಬ್ಬೊಬ್ಬರಿಗೆ ಒಬ್ಬ ನರ್ಸ್. ಉಳಿದ 8 ರೋಗಿಗಳಿಗೆ ಇಬ್ಬರಿಗೊಬ್ಬರಂತೆ 4. ಪಾಳಿಗೆ 8 ಆಯಿತು, ಮೂರು ಪಾಳಿಗೆ 24. ರಜೆ, ವಾರದ ಆಫ್‌ಗೆ ಶೇ. 30 ಸೇರಿಸಿದರೆ ಸುಮಾರು 31 ಜನ ಬೇಕು. ಡ್ಯೂಟಿ ರೋಸ್ಟರ್ ಹಾಕುವಾಗ ನೀವು ಮಾಡುತ್ತಿದ್ದದ್ದು ಇದೇ. ತರಗತಿಯಲ್ಲಿ ಇದಕ್ಕೆ ಕೆಪಾಸಿಟಿ ಪ್ಲಾನಿಂಗ್ ಅನ್ನುತ್ತಾರೆ. ಎಷ್ಟು ಹಾಸಿಗೆಗೆ, ಎಷ್ಟು ಜನರ ರೋಸ್ಟರ್ ನಿಮ್ಮ ಕೈಯಲ್ಲಿತ್ತು, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಸೋಂಕು 1000 ಲೈನ್-ದಿನಗಳಿಗೆ ಎಷ್ಟಿದ್ದದ್ದು ಎಷ್ಟಕ್ಕಿಳಿಯಿತು, ಜೆಸಿಐ (ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಅಂತಾರಾಷ್ಟ್ರೀಯ ಸಂಸ್ಥೆ) ತಪಾಸಣೆಯಲ್ಲಿ ನಿಮ್ಮ ಪಾಲು ಏನು, ಇವನ್ನೆಲ್ಲ ರೆಸ್ಯೂಮೆಯಲ್ಲಿ ಬರೆಯಿರಿ. ರೋಗಿಗಳ ಹೆಸರು, ಫೈಲಿನ ವಿವರ ಮಾತ್ರ ಎಲ್ಲೂ ಬೇಡ.

ಫೈನಲ್ ಎಕ್ಸಿಟ್‌ಗೆ (ಕೆಲಸ ಮುಗಿಸಿ ಸೌದಿಯಿಂದ ಕೊನೆಯದಾಗಿ ಹೊರಡುವುದಕ್ಕೆ) ಮೊದಲೇ ಎಚ್‌ಆರ್‌ನಿಂದ ಅನುಭವ ಪತ್ರ ಕೈಗೆ ತೆಗೆದುಕೊಳ್ಳಿ. ಹುದ್ದೆ, ವಿಭಾಗ, ಸೇರಿದ ಮತ್ತು ಬಿಟ್ಟ ತಾರೀಖು, ಪೂರ್ಣಾವಧಿ ಎಂಬ ಮಾತು ಅದರಲ್ಲಿರಲಿ. ಊರಿಗೆ ಬಂದಮೇಲೆ ಇಮೇಲ್‌ನಲ್ಲಿ ಕೇಳಿ ತರಿಸಿಕೊಳ್ಳುವುದು ತುಂಬಾ ಕಷ್ಟ. ಪತ್ರ ಅರಬ್ಬಿಯಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನೂ ಅಲ್ಲೇ ಮಾಡಿಸಿ. ಶಿಫಾರಸು ಪತ್ರವನ್ನು ದೊಡ್ಡ ಡಾಕ್ಟರಿಂದ ಬರೆಸುವುದಕ್ಕಿಂತ, ದಿನಾ ನಿಮ್ಮ ಕೆಲಸ ಕಂಡ ನರ್ಸಿಂಗ್ ಸೂಪರ್‌ವೈಸರ್‌ರಿಂದ ಬರೆಸಿ.

ಗಣಿತದ ಭಯ ಬಿಡಿ. ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಈಗ ರೇಖಾಗಣಿತವೇ ಇಲ್ಲ. 45 ನಿಮಿಷದ ಮೂರು ವಿಭಾಗ, ಕ್ವಾಂಟ್‌ನಲ್ಲಿ (ಗಣಿತ ವಿಭಾಗದಲ್ಲಿ) 21 ಪ್ರಶ್ನೆ. 1000 ಎಂಎಲ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ ಎಂಎಲ್‌ಗೆ 20 ಹನಿಯದ್ದು ಎಂದರೆ ನಿಮಿಷಕ್ಕೆ 42 ಹನಿ ಎಂದು ಹೇಳುವವರಿಗೆ ಅನುಪಾತ ಹೊಸದಲ್ಲ. ಆದರೆ ಕ್ವಾಂಟ್‌ನಲ್ಲಿ ಕ್ಯಾಲ್ಕ್ಯುಲೇಟರ್ ಕೊಡುವುದಿಲ್ಲ, ಕೈಲೆಕ್ಕದ ಅಭ್ಯಾಸ ಬೇಕೇ ಬೇಕು. ಅಂಕ ಐದು ವರ್ಷ ನಡೆಯುತ್ತದೆ, ಹಾಗಾಗಿ ಕಾಲೇಜು ಗೊತ್ತುಮಾಡುವ ಮೊದಲೇ, ರಿಯಾದ್‌ನಲ್ಲಿರುವಾಗಲೇ ಬರೆದುಬಿಡಿ.