ವೃತ್ತಿ ಸಲಹೆ: ಸಮುದ್ರದ ನಡುವಿನ ಕಟ್ಟಡಕ್ಕೆ ಮಾಡೆಲರ್

ಪ್ರಶ್ನೆ: ನಾನು ವಿಜಯಪುರದವನು. ಸಿವಿಲ್ ಡಿಪ್ಲೊಮಾ ಮುಗಿಸಿ, ಐದು ವರ್ಷಗಳಿಂದ ಪುಣೆಯಲ್ಲಿ ವಸತಿ ಸಮುಚ್ಚಯ ಮತ್ತು ಮಾಲ್‌ಗಳ ಬಿಐಎಂ ಮಾಡೆಲಿಂಗ್ (ಕಟ್ಟಡದ ಪ್ರತಿ ಭಾಗದ ಮಾಹಿತಿಯನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಕಟ್ಟುವುದು) ಮಾಡುತ್ತಿದ್ದೇನೆ. ಈಗ ನವಿ ಮುಂಬಯಿಯ ಒಂದು ಕಚೇರಿಯಲ್ಲಿ ಉತ್ತರ ಸಮುದ್ರದ ಪವನ ವಿದ್ಯುತ್ ಯೋಜನೆಗಳ ಪ್ಲಾಟ್‌ಫಾರ್ಮ್ ಮಾಡೆಲ್ ಮಾಡುವ ಕೆಲಸಕ್ಕೆ ಆಯ್ಕೆಯಾಗಿದ್ದೇನೆ. ಈ ಕೆಲಸದ ಸಾಫ್ಟ್‌ವೇರ್ ರೆವಿಟ್ ಚೆನ್ನಾಗಿ ಬರುತ್ತದೆ, ಸಮುದ್ರದ ಕೆಲಸದ ಗಂಧಗಾಳಿ ಇಲ್ಲ. ಒಪ್ಪಿಕೊಳ್ಳಬಹುದೇ? ಮೊದಲು ಏನನ್ನು ಕಲಿಯಬೇಕು?
– ಓದುಗ, ಪುಣೆ

ಉತ್ತರ: ಒಪ್ಪಿಕೊಳ್ಳಿ. ಆದರೆ ಇನ್ನೊಂದು ಸಾಫ್ಟ್‌ವೇರ್ ತರಗತಿಗೆ ಹಣ ಕಟ್ಟುವ ಆತುರ ಬೇಡ. ಈ ಯೋಜನೆಗಳಲ್ಲಿ ಪೈಪು ಮತ್ತು ಯಂತ್ರಗಳನ್ನು ಅವೇವಾ ಇ3ಡಿ ಅಥವಾ ಸ್ಮಾರ್ಟ್ 3ಡಿಯಲ್ಲಿ ಕೂರಿಸುತ್ತಾರೆ, ಉಕ್ಕಿನ ಚೌಕಟ್ಟಿಗೆ ಟೆಕ್ಲಾ ಬಳಸುವುದೂ ಉಂಟು, ಎಲ್ಲವನ್ನೂ ಒಟ್ಟುಗೂಡಿಸಿ ನೋಡಲು ನಿಮಗೆ ಪರಿಚಯವಿರುವ ನೇವಿಸ್‌ವರ್ಕ್ಸ್ ಇದ್ದೇ ಇರುತ್ತದೆ. ಐದು ವರ್ಷ ಕೈ ಪಳಗಿದವರಿಗೆ ಇವು ಕೆಲವು ವಾರಗಳ ಅಭ್ಯಾಸ. ತಡವಾಗಿ ಬರುವುದು ಪ್ಲಾಟ್‌ಫಾರ್ಮಿನ ತಿಳಿವಳಿಕೆ.

ಇಂಗ್ಲೆಂಡಿನ ಈಶಾನ್ಯ ತೀರದಿಂದ 130 ಕಿಲೋಮೀಟರಿಗೂ ಆಚೆ ಇರುವ ಡಾಗರ್ ಬ್ಯಾಂಕ್ ಯೋಜನೆಯನ್ನೇ ನೋಡಿ. ಅಲ್ಲಿ ಗಾಳಿಯಂತ್ರಗಳ ವಿದ್ಯುತ್ತನ್ನು ಸಮುದ್ರದಲ್ಲೇ ಏಕಮುಖ ಪ್ರವಾಹವಾಗಿ ಪರಿವರ್ತಿಸಿ ದಡಕ್ಕೆ ಕಳುಹಿಸುತ್ತಾರೆ. ಅದಕ್ಕೆ ನಿಲ್ಲಿಸುವ ಪ್ಲಾಟ್‌ಫಾರ್ಮ್ ಒಂದು ಬಹುಮಹಡಿ ಉಕ್ಕಿನ ಕಟ್ಟಡ: ಕೋಣೆ, ಕಾರಿಡಾರ್, ಮೆಟ್ಟಿಲು, ಬಾಗಿಲು, ಹವಾನಿಯಂತ್ರಣದ ಡಕ್ಟು ಎಲ್ಲವೂ ಅಲ್ಲಿವೆ. ಆ ಮಟ್ಟಿಗೆ ನೀವು ಹೊಸಬರಲ್ಲ.

ಆದರೆ ಗೋಡೆಯ ಅರ್ಥ ಅಲ್ಲಿ ಬೇರೆ. ನೀವು ಇದುವರೆಗೆ ಎಳೆದ ಗೋಡೆಗಳಿಗೆ ದಪ್ಪ ಮತ್ತು ಗಿಲಾವು ಇದ್ದರೆ ಸಾಕಿತ್ತು. ಪ್ಲಾಟ್‌ಫಾರ್ಮಿನಲ್ಲಿ ಎ-60 ಎಂದು ಗುರುತಿಸಿದ ಗೋಡೆಯು ಬೆಂಕಿ ಬಿದ್ದಾಗ 60 ನಿಮಿಷ ಜ್ವಾಲೆ ಮತ್ತು ಹೊಗೆಯನ್ನು ತಡೆಯಬೇಕು, ಅಷ್ಟು ಹೊತ್ತೂ ಆಚೆ ಬದಿಯ ಸರಾಸರಿ ಉಷ್ಣತೆ ಮೊದಲಿದ್ದುದರ ಮೇಲೆ 140 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಬಾರದು. ಅದರ ಮೂಲಕ ಹಾಯುವ ಪ್ರತಿಯೊಂದು ಕೇಬಲ್ಲು, ಪೈಪಿನ ಸುತ್ತಲಿನ ಸಂದನ್ನೂ ಅದೇ ದರ್ಜೆಯಲ್ಲಿ ಬೆಂಕಿ ನುಸುಳದಂತೆ ಮುಚ್ಚಿರಬೇಕು. ತೈಲ ಮತ್ತು ಅನಿಲದ ಪ್ಲಾಟ್‌ಫಾರ್ಮುಗಳಲ್ಲಿ ಇದಕ್ಕಿಂತ ಕಠಿಣವಾದ, ತೈಲ-ಅನಿಲದ ಬೆಂಕಿಯನ್ನು 120 ನಿಮಿಷ ತಡೆಯುವ ಎಚ್-120 ಗೋಡೆಗಳೂ ಬರುತ್ತವೆ. ಇವು ಏಕೆ ಮುಖ್ಯವೆಂದು ತೋರಿಸುವ ಒಂದು ದುರಂತದ ಕಥೆಯನ್ನು ಕೆಲಸಕ್ಕೆ ಸೇರುವ ಮುನ್ನ ಓದಿಕೊಳ್ಳಿ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿ 167 ಮಂದಿ ಸತ್ತರು. ತೈಲಕ್ಕೆಂದು ಕಟ್ಟಿದ ಅದಕ್ಕೆ ಮುಂದೆ ಅನಿಲದ ಕೆಲಸವೂ ಸೇರಿತ್ತು. ಅಲ್ಲಿನ ಗೋಡೆಗಳು ಬೆಂಕಿ ತಡೆಯಲು ಮಾಡಿದವೇ ಹೊರತು ಸ್ಫೋಟ ತಡೆಯಲು ಮಾಡಿದವಲ್ಲ. ರಕ್ಷಣೆಗಾಗಿ ವಸತಿ ಭಾಗದಲ್ಲಿ ಕಾಯುತ್ತ ಕುಳಿತ ಎಷ್ಟೋ ಜನ ಹೊಗೆಗೆ ಬಲಿಯಾದರು. ಯಾವ ಕೋಣೆಯ ಪಕ್ಕದಲ್ಲಿ ಯಾವ ಕೋಣೆ ಎಂಬುದನ್ನು ಅಲ್ಲಿ ಅಷ್ಟೊಂದು ಚರ್ಚಿಸುವುದು ಏಕೆಂದು ಆಗ ತಿಳಿಯುತ್ತದೆ.

ಎರಡನೆಯದು ತೂಕ. ಪ್ಲಾಟ್‌ಫಾರ್ಮಿನ ಮೇಲ್ಭಾಗವನ್ನು ದಡದ ಯಾರ್ಡಿನಲ್ಲಿ ಕಟ್ಟಿ, ಸಮುದ್ರಕ್ಕೆ ಒಯ್ದು, ಅನೇಕ ಸಲ ಕ್ರೇನ್ ಹಡಗಿನಿಂದ ಎತ್ತಿ ಕೂರಿಸುತ್ತಾರೆ. ಸ್ಲೈಪ್ನರ್‌ನಂತಹ ದೊಡ್ಡ ಹಡಗು ತನ್ನೆರಡು ಕ್ರೇನುಗಳನ್ನು ಜೊತೆಗೂಡಿಸಿ 20,000 ಟನ್ ಎತ್ತಬಲ್ಲದು. ಆದರೆ ಎತ್ತುವ ವಸ್ತುವಿನ ಒಟ್ಟು ತೂಕ ಮತ್ತು ಗುರುತ್ವಕೇಂದ್ರ ಮೊದಲೇ ಗೊತ್ತಿರಬೇಕು, ಆ ಲೆಕ್ಕಕ್ಕೆ ಬೇಕಾದ ಬಹುಪಾಲು ಮಾಹಿತಿ ಮಾಡೆಲಿನಿಂದಲೇ ಹೋಗುತ್ತದೆ. ನಾನು ಹೊಸದಾಗಿ ಸೇರಿದಾಗ ಒಂದು ಮಹಡಿಯ ನಿರೋಧಕ ಪದರವನ್ನೆಲ್ಲ ಅಚ್ಚುಕಟ್ಟಾಗಿ ಎಳೆದು, ಸಾಂದ್ರತೆಯ ಅಂಕಣವನ್ನು ಖಾಲಿ ಬಿಟ್ಟಿದ್ದೆ. ಚಿತ್ರ ಕಣ್ಣಿಗೆ ಚೆನ್ನಾಗಿತ್ತು. ತೂಕದ ವರದಿಯಲ್ಲಿ ಅಷ್ಟೂ ಪದರದ ತೂಕ ಸೊನ್ನೆ. ಹಿರಿಯ ಸಹೋದ್ಯೋಗಿಯೊಬ್ಬರು ಪರಿಶೀಲನಾ ಸಭೆಯ ಹಿಂದಿನ ದಿನ ಅದನ್ನು ಹಿಡಿದರು, ಬೈಯಲಿಲ್ಲ ಎಂಬುದೇ ಹೆಚ್ಚು ಚುಚ್ಚಿತು.

ನೇವಿಸ್‌ವರ್ಕ್ಸ್ ತೋರಿಸುವ ಕ್ಲ್ಯಾಶ್ (ಭಾಗಗಳ ಡಿಕ್ಕಿ) ಪಟ್ಟಿಯನ್ನು ಸೊನ್ನೆಗೆ ಇಳಿಸಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಪಂಪಿಗೂ ಪೈಪಿಗೂ ಡಿಕ್ಕಿಯಿಲ್ಲದಿದ್ದರೂ, ಆ ಪಂಪನ್ನು ಬಿಚ್ಚಿ ಹೊರತರಲು ದಾರಿಯಿಲ್ಲದಿದ್ದರೆ ಅದು ತಪ್ಪೇ. ಪುಣೆಯಲ್ಲಾದರೆ ಗುತ್ತಿಗೆದಾರರು ಗೋಡೆ ಒಡೆದು ಸರಿಮಾಡುತ್ತಾರೆ. ಅಂಥದೇ ತಿದ್ದುಪಡಿಗೆ ಸಮುದ್ರದಲ್ಲಿ ತಗಲುವ ಖರ್ಚು ಯಾರ್ಡಿನಲ್ಲಿ ತಗಲುವುದರ ಎಷ್ಟೋ ಪಟ್ಟು. ಕಡತಗಳ ಹೆಸರು, ಪರಿಷ್ಕರಣೆಯ ಸಂಖ್ಯೆ, ಅನುಮೋದನೆಯ ಹಂತ ಇವುಗಳ ಶಿಸ್ತಿಗೆ ಬಿಐಎಂ ಮಾಹಿತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 19650ರ 2018ರ ಮೊದಲೆರಡು ಭಾಗಗಳನ್ನು ಓದಿದರೆ ಸಾಕು.

ಪ್ರಶ್ನೆ: ನಮ್ಮ ಯಜಮಾನರು ಮುಂಬಯಿ ಹೈನಲ್ಲಿ ದುಡಿದವರು, ಹದಿನಾಲ್ಕು ದಿನ ಸಮುದ್ರದಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ. ಈಗ ಮಗಳು ನವಿ ಮುಂಬಯಿಯ ಐರೋಲಿಯಲ್ಲಿ ಇಂಥದೇ ಮಾಡೆಲಿಂಗ್ ಕೆಲಸಕ್ಕೆ ಸೇರುತ್ತಿದ್ದಾಳೆ. ಅವಳೂ ಸಮುದ್ರಕ್ಕೆ ಹೋಗಬೇಕಾಗುತ್ತದೆಯೇ?
– ಓದುಗರು, ಡೊಂಬಿವಲಿ

ಉತ್ತರ: ಸಾಮಾನ್ಯವಾಗಿ ಇಲ್ಲ, ಅಮ್ಮ. ಮುಂಬಯಿ ಹೈ ದಡದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ 1974ರಲ್ಲಿ ಪತ್ತೆಯಾದ ತೈಲಕ್ಷೇತ್ರ, ನಿಮ್ಮ ಯಜಮಾನರದು ಅದನ್ನು ನಡೆಸುವ ಕೆಲಸ. ಮಗಳದು ಕಟ್ಟುವುದಕ್ಕೆ ಮುಂಚಿನ ಕೆಲಸ, ಅದು ಮೇಜಿನ ಮುಂದೆಯೇ ನಡೆಯುತ್ತದೆ. ಹಳೆಯ ಪ್ಲಾಟ್‌ಫಾರ್ಮಿನ ಅಳತೆ ಬೇಕಾದಾಗಲೂ ಲೇಸರ್ ಸ್ಕ್ಯಾನ್ ತಂಡದವರು ಹೋಗಿ ತಂದದ್ದನ್ನು ಇವರು ಕಚೇರಿಯಲ್ಲೇ ಬಿಡಿಸುತ್ತಾರೆ. ಎಂದಾದರೂ ಹೋಗಬೇಕಾಗಿ ಬಂದರೆ ವೈದ್ಯಕೀಯ ತಪಾಸಣೆ, ಮುಳುಗುವ ಹೆಲಿಕಾಪ್ಟರಿನಿಂದ ಪಾರಾಗುವ ತರಬೇತಿ ಎರಡೂ ಮೊದಲೇ ಆಗಬೇಕು.

ನೀವು ಈಗ ವಿಚಾರಿಸಬೇಕಾದ್ದು ವೇಳೆಯನ್ನು. ಯೋಜನೆ ಬ್ರಿಟನ್ನಿನದಾದರೆ ಅವರ ಬೆಳಗಿನ 9 ಗಂಟೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಹ್ಯೂಸ್ಟನ್ನಿನದಾದರೆ ಅದೇ 9 ಗಂಟೆ ನಮಗೆ ಸಂಜೆ 7.30 ಅಥವಾ ರಾತ್ರಿ 8.30, ಅಲ್ಲಿಂದ ಸಭೆ ಮುಗಿಸಿ ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿ ಸೇರಬೇಕು. ಯಾವ ದೇಶದ ಯೋಜನೆ, ತಡವಾದ ದಿನ ಕಚೇರಿಯ ವಾಹನ ಮನೆಯವರೆಗೂ ಬರುತ್ತದೆಯೇ ಎಂಬೆರಡನ್ನೂ ಸಹಿ ಹಾಕುವ ಮುನ್ನ ಬರಹದಲ್ಲಿ ಕೇಳಿ ಪಡೆಯಲು ಅವಳಿಗೆ ಹೇಳಿ.